ಹಸಿರು ಶಾಯಿ ಬಳಿದರೆ ಸಾವಯವ ಆಗಿಬಿಡುತ್ತದೆಯೇ?



ಗುಂಡ್ಲುಪೇಟೆಯಿಂದ ಊಟಿಗೋ ವಯನಾಡಿಗೋ ಹೋಗುವ ರಸ್ತೆಯ ಅಂಗಡಿಗಳನ್ನು ನೋಡಿ. ಆರ್ಗಾನಿಕ್ ಜೇನು, ಆರ್ಗಾನಿಕ್ ಅರಿಶಿನ, ಆರ್ಗಾನಿಕ್ ಬೆಲ್ಲ! ಚಾಮರಾಜನಗರದ ದಿನಸಿ ಅಂಗಡಿಗೂ ಈ ಗಾಳಿ ಬೀಸಿದೆ. ಮಕ್ಕಳ ಹೊಟ್ಟೆಗೆ ವಿಷ ಹೋಗದಿರಲಿ ಎಂದು ಕೂಲಿ ಮಾಡುವ ತಾಯಿಯೂ ನಾಲ್ಕು ಕಾಸು ಹೆಚ್ಚು ಕೊಡುತ್ತಾಳೆ. ಆ ಕಾಸಿಗೆ ಅವಳಿಗೆ ಸಿಗುವುದು ಸಾವಯವ ಪದಾರ್ಥವೋ, ಬರೀ ಹಸಿರು ಶಾಯಿಯೋ?

ಶಾಯಿಯ ಸಂಗತಿ ನನಗೆ ಗೊತ್ತು. ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಒಂದು ಎಲೆಯ ಚಿತ್ರ, ‘ನೂರಕ್ಕೆ ನೂರು ಆರ್ಗಾನಿಕ್’ ಎಂಬ ಎರಡು ಸಾಲು. ಸಾವಿರ ಸ್ಟಿಕ್ಕರ್ ಅಚ್ಚು ಹಾಕಲು ಅರ್ಧ ದಿನ ಸಾಕು. ಹಾಗೆ ಮಾಡಿಸಲು ಬಂದವರನ್ನು “ಸರ್ಟಿಫಿಕೇಟ್ ಎಲ್ಲಿ?” ಎಂದು ಕೇಳಿದರೆ, “ಅದೆಲ್ಲ ಯಾಕೆ ಸ್ವಾಮಿ, ನೀವು ಪ್ರಿಂಟ್ ಹಾಕಿ” ಎನ್ನುತ್ತಾರೆ. ನಾನು ವಾಪಸು ಕಳಿಸಬಹುದು, ಇನ್ನೊಂದು ಊರಿನಲ್ಲಿ ಅಚ್ಚಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಸಾವಯವವಲ್ಲ!

ಹಾಗಾದರೆ ನಂಬುವುದು ಯಾವುದನ್ನು?

ಮೊದಲು, ಯಾವುದನ್ನು ನಂಬಬಾರದು ತಿಳಿಯಿರಿ. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು, ಅಷ್ಟೇ. 14 ಅಂಕಿಯ ಎಫ್.ಎಸ್.ಎಸ್.ಎ.ಐ. ನಂಬರು ಆಹಾರ ವ್ಯಾಪಾರದ ಲೈಸೆನ್ಸು. ಅದು ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತದೆ. ‘ನ್ಯಾಚುರಲ್’, ‘ನಾಟಿ’, ‘ಶುದ್ಧ’ ಎಂಬ ಮಾತುಗಳು ಸಾವಯವಕ್ಕೆ ಪುರಾವೆಯಲ್ಲ.

ಕಾನೂನು ಒಪ್ಪಿದ ದಾರಿ ಎರಡು. ಒಂದು, 2001ರಿಂದ ನಡೆಯುತ್ತಿರುವ ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಮಾನ್ಯತೆ ಪಡೆದ ಹೊರಗಿನ ಸಂಸ್ಥೆ ಬಂದು ಜಮೀನು, ಲೆಕ್ಕಪತ್ರ ತಪಾಸಣೆ ಮಾಡುತ್ತದೆ. ನಮ್ಮದೇ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಇಂಥದ್ದೊಂದು. ವಾರ್ಷಿಕ ಬೆಳೆಯಾದರೆ ಎರಡು ವರ್ಷ, ಬಹುವಾರ್ಷಿಕ ಬೆಳೆಯಾದರೆ ಮೂರು ವರ್ಷ ಭೂಮಿ ಪರಿವರ್ತನೆ ಆಗಬೇಕು. ಇದರ ಗುರುತು ‘ಇಂಡಿಯಾ ಆರ್ಗಾನಿಕ್’. ಇನ್ನೊಂದು, ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷಿಸುವ ‘ಪಿ.ಜಿ.ಎಸ್. ಇಂಡಿಯಾ’. ಇಲ್ಲೊಂದು ಸೂಕ್ಷ್ಮವಿದೆ. ‘ಪಿ.ಜಿ.ಎಸ್. ಆರ್ಗಾನಿಕ್’ ಎಂದಿದ್ದರೆ ಪೂರ್ತಿ ಸಾವಯವ, ‘ಪಿ.ಜಿ.ಎಸ್. ಗ್ರೀನ್’ ಎಂದಿದ್ದರೆ ಇನ್ನೂ ಪರಿವರ್ತನೆಯ ಹಾದಿಯಲ್ಲಿದೆ ಎಂದರ್ಥ. ಇವೆರಡರ ಮೇಲೆ, 2017ರ ಸಾವಯವ ಆಹಾರ ನಿಯಮ ತಂದ ‘ಜೈವಿಕ್ ಭಾರತ್’ ಗುರುತು: ವೃತ್ತದೊಳಗೆ ಹಸಿರು ಎಲೆ, ಸರಿ ಎನ್ನುವ ಗೀಟು.

ಗುರುತನ್ನೂ ನಕಲು ಮಾಡಬಹುದಲ್ಲ ಎನ್ನುತ್ತೀರಾ? ಮಾಡಬಹುದು! ಅದಕ್ಕೇ ಪ್ರಮಾಣ ಕೊಟ್ಟ ಸಂಸ್ಥೆಯ ಹೆಸರು, ನಂಬರು ನೋಡಿ. ಅನುಮಾನ ಬಂದರೆ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಬೆಳೆಯ ಹೆಸರು, ವಾಯಿದೆ ಎರಡೂ ಇರುತ್ತವೆ. ಅರಿಶಿನಕ್ಕೆ ಪಡೆದ ಕಾಗದ ತೋರಿಸಿ ಬೆಲ್ಲ ಮಾರಿದರೆ ಅದು ಮೋಸ. ಬಿಲ್ ಪಡೆಯಿರಿ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಆದರೆ ಗುರುತಿಲ್ಲದ ಸಣ್ಣ ರೈತನನ್ನು ಕಳ್ಳ ಎನ್ನಬೇಡಿ. ತಾನು ಬೆಳೆದದ್ದನ್ನು ತಾನೇ ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಜೈವಿಕ್ ಭಾರತ್ ಗುರುತನ್ನು ಅವನು ಹಾಕುವಂತಿಲ್ಲ, ಅಷ್ಟೇ. ಸಂತೆಯಲ್ಲಿ ಅವನನ್ನು ಮಾತಾಡಿಸಿ. ಯಾವ ಊರು, ಏನು ಗೊಬ್ಬರ, ಹುಳ ಬಿದ್ದರೆ ಏನು ಮಾಡುತ್ತೀಯ ಎಂದು ಕೇಳಿ. ಬೆಳೆದವನು ಉತ್ತರ ಕೊಡುತ್ತಾನೆ, ದಲ್ಲಾಳಿ ತಡವರಿಸುತ್ತಾನೆ.

ಈಗ ಮೂಲ ಪ್ರಶ್ನೆ. ಇಷ್ಟೆಲ್ಲ ವಿವರ ಪ್ಯಾಕೆಟ್ ಮೇಲೆ ಯಾವ ಭಾಷೆಯಲ್ಲಿದೆ? 2020ರ ಲೇಬಲ್ ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿ ಇರಲೇಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ ಎನ್ನುತ್ತದೆ! ಹೊಲದಲ್ಲಿ ಬೆವರು ಸುರಿಸಿದವನು ಕನ್ನಡಿಗ, ತಿನ್ನುವವನು ಕನ್ನಡಿಗ. ನಡುವಿನ ಚೀಟಿ ಮಾತ್ರ ಪರಭಾಷೆ. ಓದಲು ಬಾರದ ಚೀಟಿಯನ್ನು ಪರೀಕ್ಷಿಸುವುದು ಹೇಗೆ? ಸುಳ್ಳು ಹೇಳುವವನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೇ?

2004ರಷ್ಟು ಹಿಂದೆಯೇ ಸಾವಯವ ಕೃಷಿ ನೀತಿ ತಂದ ನಾಡು ನಮ್ಮದು. ಕರ್ನಾಟಕದಲ್ಲಿ ತಯಾರಾದ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಅದನ್ನು ಜಾರಿ ಮಾಡಬೇಕಾದವರು ನಿದ್ದೆ ಮಾಡಬಾರದು. ಇಂಡಿಯಾ ಆರ್ಗಾನಿಕ್, ಜೈವಿಕ್ ಭಾರತ್ ಎರಡನ್ನೂ ಸೇರಿಸಿ ಒಂದೇ ಗುರುತು ಮಾಡುವ ಕೆಲಸಕ್ಕೆ ದಿಲ್ಲಿ ಕೈಹಾಕಿದೆ. ಕರ್ನಾಟಕದಲ್ಲಿ ಮಾರುವ ಪ್ಯಾಕೆಟ್ಟಿನ ಮೇಲೆ ಆ ಗುರುತಿನ ಪಕ್ಕದಲ್ಲಿ ‘ಸಾವಯವ’ ಎಂಬ ನಾಲ್ಕಕ್ಷರ, ಪ್ರಮಾಣ ಕೊಟ್ಟವರ ಹೆಸರು ಕನ್ನಡದಲ್ಲಿ ಇರಲೇಬೇಕು ಎಂದು ರಾಜ್ಯ ಸರ್ಕಾರ ಈಗಲೇ ಪಟ್ಟು ಹಿಡಿಯಲಿ. ಕನ್ನಡದ ಅಚ್ಚಿಗೆ ಹೆಚ್ಚಿನ ಖರ್ಚಾಗುತ್ತದೆ ಎಂಬ ಕಂಪನಿಗಳ ನೆಪವನ್ನು ಯಾರೂ ನಂಬಬೇಡಿ. ಅದೇ ಪ್ಲೇಟು, ಅದೇ ಶಾಯಿ, ಅದೇ ಕಾಗದ!

ಗ್ರಾಹಕ ಬಂಧುಗಳೇ, ನಾಳೆ ಅಂಗಡಿಗೆ ಹೋದಾಗ ಪ್ಯಾಕೆಟ್ ತಿರುಗಿಸಿ ನೋಡಿ. ಪ್ರಮಾಣ ಕೊಟ್ಟವರು ಯಾರು, ಕನ್ನಡ ಎಲ್ಲಿ ಎಂದು ಕೇಳಿ. ಉತ್ತರ ಬಾರದಿದ್ದರೆ ಅಲ್ಲೇ ಇಟ್ಟು ಬನ್ನಿ!