ಬಂಧಿತನಿಗೆ ತಿಳಿಯುವ ಭಾಷೆ

2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಗಡಿನಾಡಿನ ಕನ್ನಡಿಗರು ಗಮನವಿಟ್ಟು ಓದಬೇಕು. ಅಪರಾಧ ಯಾವುದೇ ಇರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ರಿಮಾಂಡ್‌ಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲಾದರೂ ಬರಹ ಅವನ ಕೈಸೇರಬೇಕು. ತಪ್ಪಿದರೆ ಬಂಧನವೂ ಅಸಿಂಧು, ರಿಮಾಂಡೂ ಅಸಿಂಧು. ಸಂವಿಧಾನದ 22ನೆಯ ವಿಧಿ 1950ರಿಂದಲೂ ಕೊಟ್ಟಿರುವ ಹಕ್ಕಿಗೆ ಈ ತೀರ್ಪು ಕೊನೆಗೂ ಭಾಷೆಯ ಬಲ ತುಂಬಿದೆ. ಕಾರಣ ತಿಳಿಯದವನು ವಕೀಲರಿಗೆ ಏನು ಹೇಳಿಯಾನು, ಜಾಮೀನಿಗೆ ಏನೆಂದು ವಾದಿಸಿಯಾನು?

ಈ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ಸೋಮಂದೇಪಲ್ಲಿಯಂಥ ಊರುಗಳಲ್ಲಿ. ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಈ ಮಂಡಲ ಕೇಂದ್ರ ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಬೀದರ್, ಕಲಬುರಗಿ ಕಡೆಯ ಲಾರಿ ಚಾಲಕರು ಈ ದಾರಿಯಲ್ಲೇ ಓಡಾಡುತ್ತಾರೆ. ಪಕ್ಕದ ಹಿಂದೂಪುರಕ್ಕೆ ಪಾವಗಡ, ಗೌರಿಬಿದನೂರಿನವರು ವ್ಯಾಪಾರಕ್ಕೆ ಬರುತ್ತಾರೆ. ಮಡಕಶಿರಾ ಸೀಮೆಯ ಎಷ್ಟೋ ಮನೆಗಳ ಮಾತು ಕನ್ನಡ. ಠಾಣೆಯ ಬರವಣಿಗೆ ತೆಲುಗಿನಲ್ಲಿ, ಮೇಲಿನ ಕೋರ್ಟುಗಳ ವ್ಯವಹಾರ ಇಂಗ್ಲಿಷಿನಲ್ಲಿ. ‘ಇಲ್ಲಿಯವರಿಗೆಲ್ಲ ತೆಲುಗು ಬರುತ್ತದೆ’ ಎಂಬ ಆಕ್ಷೇಪ ಸಹಜ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ಬಲ್ಲವನು ಕಲಮುಗಳನ್ನು ನಮೂದಿಸಿದ ತೆಲುಗು ಕಾಗದವನ್ನು ಓದಿ ಗ್ರಹಿಸಬಲ್ಲ ಎನ್ನಲಾಗದು. ಬಾಯಲ್ಲಿ ವಿವರಿಸಿದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. 1962ರ ಹರಿಕಿಶನ್ ಪ್ರಕರಣದಲ್ಲಿ ಇಂಗ್ಲಿಷ್ ಬಾರದ ಬಂಧಿತ ಹಿಂದಿ ಪ್ರತಿ ಕೇಳಿದ್ದ. ಕೊಡದ ಕಾರಣಕ್ಕೆ ಅವನ ಮುಂಜಾಗ್ರತಾ ಬಂಧನ ರದ್ದಾಯಿತು. ಲಲ್ಲೂಭಾಯಿ ಪಟೇಲ್ ಪ್ರಕರಣದಲ್ಲಿ ಪೊಲೀಸ್ ಅಧಿಕಾರಿ ಗುಜರಾತಿಯಲ್ಲಿ ವಿವರಿಸಿದ್ದೇನೆ ಎಂದರೂ ನ್ಯಾಯಾಲಯ ಒಪ್ಪಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕರ್ನಾಟಕದ್ದೇ ಪ್ರಕರಣದಿಂದ ಬಂದಿದೆ. ಕೊಲೆ ಪ್ರಕರಣದ ಆರೋಪಿ ನಟ ದರ್ಶನ್ ಅವರ ಜಾಮೀನನ್ನು 2025ರ ಆಗಸ್ಟ್ 14ರಂದು ರದ್ದುಪಡಿಸುವಾಗ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ಬಂಧನದ ಕಾರಣವನ್ನು ಬರೆದು ಕೊಡದಿದ್ದ ಮಾತ್ರಕ್ಕೆ ಬಂಧನ ಬೀಳದು, ಅದರಿಂದ ಆರೋಪಿಗೆ ಬಾಧಕವಾಗಿದೆ ಎಂದು ತೋರಿಸಬೇಕು ಎಂದಿತು. ಘೋರ ಅಪರಾಧದ ಆರೋಪಿ ಒಂದು ಕಾಗದದ ಲೋಪದಿಂದ ಹೊರಬರಬಾರದು ಎಂಬ ಕಳಕಳಿ ಅರ್ಥವಾಗುವಂಥದ್ದೇ. ಕೊಲೆಯಾದವನ ಮನೆಯವರ ನೋವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಸಮರ್ಥ ವಕೀಲರ ಪಡೆಯಿರುವವನಿಗೆ ಹೊಂದುವ ಅಳತೆಗೋಲು ಹೆದ್ದಾರಿಯಲ್ಲಿ ಸಿಕ್ಕಿಬಿದ್ದ ಚಾಲಕನಿಗೆ ಹೊಂದುವುದಿಲ್ಲ. ತನಗೆ ಬಾಧಕವಾಯಿತೆಂದು ಸಾಬೀತುಪಡಿಸಬೇಕಾದವನೇ ಕಾಗದ ಓದಲಾರದವನು. ಮೇಲಾಗಿ ನವೆಂಬರಿನ ತೀರ್ಪು ಅಪರಾಧಿಗಳಿಗೆ ಬಾಗಿಲು ತೆರೆದಿಲ್ಲ: ಲೋಪ ಸರಿಪಡಿಸಿ, ಕಾರಣಗಳನ್ನು ಬರೆದುಕೊಟ್ಟು, ಅಗತ್ಯವಿದ್ದರೆ ಮತ್ತೆ ರಿಮಾಂಡ್ ಕೇಳುವ ಅವಕಾಶ ತನಿಖಾಧಿಕಾರಿಗೆ ಉಳಿದೇ ಇದೆ.

ಇದರಿಂದ ಠಾಣೆಗಳಿಗೆ ಆಗುವ ಹೊರೆಯ ಮಾತು ಉಳಿಯಿತು. ಕನ್ನಡ ನಮೂನೆಯೊಂದನ್ನು ಅಚ್ಚುಹಾಕಿಸಿ ಹಿಂದೂಪುರ, ಮಡಕಶಿರಾ, ಸೋಮಂದೇಪಲ್ಲಿ, ಅತ್ತ ಕಲ್ಯಾಣದುರ್ಗ, ರಾಯದುರ್ಗದ ಠಾಣೆಗಳಲ್ಲಿ ಇಡುವುದು ದೊಡ್ಡ ಖರ್ಚಲ್ಲ. ಪಾವಗಡ, ಬಳ್ಳಾರಿಯ ಠಾಣೆಗಳೂ ತೆಲುಗು ನಮೂನೆ ಇಟ್ಟುಕೊಳ್ಳಬೇಕು. ನಾವು ಅಲ್ಲಿ ಕೇಳುವುದನ್ನು ಇಲ್ಲಿ ಕೊಡದಿದ್ದರೆ ಕೇಳುವ ನೈತಿಕ ಹಕ್ಕೂ ನಮಗಿರದು. ಗಡಿಯ ವಕೀಲರ ಸಂಘಗಳು ಇದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಮುಂದಿಡಲಿ. ಮ್ಯಾಜಿಸ್ಟ್ರೇಟರು ರಿಮಾಂಡ್ ಆದೇಶಕ್ಕೆ ಸಹಿ ಹಾಕುವ ಮೊದಲು ಎದುರು ನಿಂತವನನ್ನೇ ಕೇಳಲಿ: ಈ ಕಾಗದ ನಿನಗೆ ಓದಲು ಬರುತ್ತದೆಯೇ?