ಅಜ್ಜಿಕಥೆಯೆಂದು ಮೂಗು ಮುರಿಯುವವರಿಗೆ

ಮೊನ್ನೆ ನಮ್ಮೂರ ಚಿತ್ರಸಮಾಜದ ಸಭೆಯಲ್ಲಿ ನಾನೊಂದು ಸಲಹೆ ಕೊಟ್ಟು ಮುಖಭಂಗಪಟ್ಟೆ. ಮಹಿಳಾ ನಿರ್ದೇಶಕರ ಚಿತ್ರಸಪ್ತಾಹ ನಡೆಸುವರಂತೆ. ಜರ್ಮನಿಯ ಲೊಟ್ಟೆ ರೈನಿಗರ್ ಅವರ ನೆರಳುಚಿತ್ರಗಳಿಗೂ ಒಂದು ಸಂಜೆ ಇರಲಿ ಎಂದೆ. (ಹೆಸರು ಕೇಳಿ ನಗಬೇಡಿ, ಆಕೆಯ ಕೆಲಸದಲ್ಲಿ ಲೊಟ್ಟೆ ಏನೂ ಇಲ್ಲ.) ಕಾರ್ಯದರ್ಶಿಗಳು, “ಅಜ್ಜಿಕಥೆ ತಾನೆ ಸ್ವಾಮಿ! ಭಾನುವಾರ ಬೆಳಿಗ್ಗೆ ಮಕ್ಕಳಿಗೆ ತೋರಿಸಿದರಾಯಿತು” ಎಂದರು. ಸಭೆ ನಕ್ಕಿತು.

ಈ ತಾತ್ಸಾರ ಕಥೆಯ ಮೇಲಿನದೋ, ಕಥೆ ಹೇಳುವ ಅಜ್ಜಿಯ ಮೇಲಿನದೋ? ಗಂಡಸರು ಜಗಲಿಯಲ್ಲಿ ಕುಳಿತು ಹೇಳಿದ್ದು ಕಾವ್ಯ, ಹೆಂಗಸರು ಒಲೆಯ ಮುಂದೆ ಹೇಳಿದ್ದು ಮಕ್ಕಳ ಆಟ! ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ.

1899ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈಕೆ ಕಪ್ಪು ರಟ್ಟನ್ನು ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಬಿಗಿದು, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟು ಚಿತ್ರ ತೆಗೆದವರು. ದೊಡ್ಡ ಸ್ಟುಡಿಯೋ ಇಲ್ಲ. ಪಾಟ್ಸ್‌ಡಾಮಿನ ಬ್ಯಾಂಕರೊಬ್ಬರ ಗ್ಯಾರೇಜಿನ ಅಟ್ಟವೇ ಕಾರ್ಯಾಗಾರ. ಮೂರು ವರ್ಷ ದುಡಿದು 1926ರಲ್ಲಿ ಮುಗಿಸಿದ ‘ರಾಜಕುಮಾರ ಅಹ್ಮದ್’ ಇಂದು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು. ಡಿಸ್ನಿಯ ‘ಸ್ನೋ ವೈಟ್’ ಬಂದದ್ದು 1937ರಲ್ಲಿ. ಆದರೂ ನಮ್ಮ ವಿದ್ವಾಂಸರ ಬಾಯಲ್ಲಿ ಮೊದಲಿಗನೆಂದರೆ ಡಿಸ್ನಿಯೇ.

ನನಗೆ ಹೆಚ್ಚು ಪ್ರಿಯವಾದದ್ದು ಆಕೆಯ ಕಿರುಚಿತ್ರಗಳು. 1922ರ ‘ಸಿಂಡರೆಲ್ಲಾ’ ನೋಡಿ. ಪಾದರಕ್ಷೆ ಹಿಡಿಸಲೆಂದು ಮಲಅಕ್ಕ ತನ್ನ ಕಾಲನ್ನೇ ಕುಯ್ದುಕೊಳ್ಳುತ್ತಾಳೆ. ಗ್ರಿಮ್ ಸೋದರರು ಸಂಗ್ರಹಿಸಿದ ಕಥೆಯಲ್ಲಿ ಚೂರಿ ಕೊಡುವವಳು ಹೆತ್ತ ತಾಯಿ. ರಾಣಿಯಾದ ಮೇಲೆ ನಡೆಯಬೇಕಾಗಿಲ್ಲವೆಂದು ಸಮಾಧಾನವನ್ನೂ ಹೇಳುತ್ತಾಳೆ. 1950ರ ಡಿಸ್ನಿ ಚಿತ್ರದಲ್ಲಿ ಈ ಚೂರಿ ಮಾಯ, ಇಲಿಗಳು ಹಾಡುತ್ತವೆ. ಮದುವೆಯ ಸಂತೆಯಲ್ಲಿ ಅಳತೆಗೆ ತಕ್ಕಂತೆ ಹೆಣ್ಣು ತನ್ನ ಮೈಯನ್ನೇ ಕುಯ್ದುಕೊಳ್ಳಬೇಕೆಂಬುದು ಮಕ್ಕಳ ವಿಷಯವೆ? ನಮ್ಮಲ್ಲೂ ಹೂಮರವಾಗುವ ಹುಡುಗಿಯ ಕಥೆಯುಂಟು. ಎ. ಕೆ. ರಾಮಾನುಜನ್ ಅದನ್ನು ಲೋಕಕ್ಕೆ ಪರಿಚಯಿಸಿದರು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಚಿತ್ರವಾಗಿಸಿದರು. ಕೊಂಬೆ ಮುರಿದವರಿಂದ ಅವಳಿಗಾದ ಗತಿ ಕೇಳಿದರೆ ದೊಡ್ಡವರಿಗೂ ನಿದ್ದೆ ಬಾರದು.

ನನ್ನ ಸೋದರಸೊಸೆಯ ಆಕ್ಷೇಪ ಬೇರೆ. “ಮಾವ, ಅವರ ಕಥೆಗಳೂ ರಾಜಕುಮಾರನ ಮದುವೆಯಲ್ಲೇ ಮುಗಿಯುತ್ತವಲ್ಲ?” ಎಂದಳು. ನಿಜ, ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಆ ಮದುವೆಗೆ ತೆತ್ತ ಬೆಲೆಯನ್ನು ಆಕೆ ಮುಚ್ಚಿಡಲಿಲ್ಲ.

ಆಕೆಯ ಬದುಕೂ ಹೂವಿನ ಹಾಸಿಗೆಯಲ್ಲ. ನಾಜಿಗಳ ಆಳ್ವಿಕೆ ಸಹಿಸದೆ ಊರು ಬಿಟ್ಟು, ಎಲ್ಲೂ ನೆಲೆ ಸಿಗದೆ ದೇಶದಿಂದ ದೇಶಕ್ಕೆ ಅಲೆದರು. ಕಾಯಿಲೆಯ ತಾಯಿಗಾಗಿ ಯುದ್ಧಕಾಲದಲ್ಲೇ ಬರ್ಲಿನ್‌ಗೆ ಮರಳಿದರು. 1949ರಲ್ಲಿ ಲಂಡನ್ ಸೇರಿ, ಮತ್ತೆ ಕತ್ತರಿ ಹಿಡಿದು ‘ತಂಬೆಲಿನಾ’ದಂಥ ಕಥೆಗಳನ್ನು ತೆಗೆದರು. 1955ರಲ್ಲಿ ವೆನಿಸ್ ಉತ್ಸವ ಆಕೆಯ ಕಿರುಚಿತ್ರವೊಂದಕ್ಕೆ ಬಹುಮಾನ ಕೊಟ್ಟಿತು. ಅಲ್ಲಿನವರಿಗೆ ಅಜ್ಜಿಕಥೆ ಅಡ್ಡಬರಲಿಲ್ಲ.

ಕೊಪ್ಪಳದ ಕಡೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇದೇ ಸಮಾಜದವರು ಚಪ್ಪಾಳೆ ತಟ್ಟಿದರು. ಪ್ರಶಸ್ತಿ ಬಂದ ಮೇಲೆ ತಟ್ಟುವುದು ಸುಲಭ.

ಇರಲಿ, ಭಾನುವಾರ ಬೆಳಿಗ್ಗೆಯೇ ತೋರಿಸಲಿ. ನಾನು ಹೋಗುತ್ತೇನೆ. ಕಾರ್ಯದರ್ಶಿಗಳೂ ಮೊಮ್ಮಗಳನ್ನು ಕರೆದುಕೊಂಡು ಬರಲಿ. ಆ ಅಕ್ಕ ಕಾಲು ಯಾಕೆ ಕುಯ್ದುಕೊಂಡಳು ತಾತ ಎಂದು ಮಗು ಕೇಳಿದರೆ, ಉತ್ತರ ಅವರೇ ಹೇಳಲಿ.