ಸೈನಿಕನಿಗೆ ಕಾವಲುಗಾರಿಕೆಯೊಂದೇ ದಾರಿಯೇ?

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದಾಗ ದೇಶದ ಹಲವೆಡೆ ರೈಲುಗಳಿಗೆ ಬೆಂಕಿ ಹಚ್ಚಲಾಯಿತು. ವಾರಗಟ್ಟಲೆ ವಾದ-ಪ್ರತಿವಾದಗಳೂ ನಡೆದವು. ಆ ಗದ್ದಲದಲ್ಲಿ ಸೇನೆಯನ್ನು ಸೇರುವ ಬಗೆ ಕುರಿತು ಸಾಕಷ್ಟು ಚರ್ಚೆಯಾಯಿತು. ಸೇನೆಯಿಂದ ಹೊರಬರುವ ಬಗೆ ಕುರಿತು ಆದದ್ದು ಕಡಿಮೆ. ಭೂಸೇನೆಯ ಮೊದಲ ಅಗ್ನಿವೀರರ ತರಬೇತಿ 2023ರ ಜನವರಿಯಲ್ಲಿ ಮೊದಲಾಯಿತು. ನೌಕಾಪಡೆಯ ಮೊದಲ ತಂಡ ಅದೇ ವರ್ಷದ ಮಾರ್ಚ್ 28ರಂದು ಚಿಲ್ಕಾದಲ್ಲಿ ನಿರ್ಗಮನ ಪಥಸಂಚಲನ ನಡೆಸಿತು. ಇವರ ನಾಲ್ಕು ವರ್ಷಗಳ ಅವಧಿ ತುಂಬುವುದು 2026ರ ಕೊನೆ ಮತ್ತು 2027ರ ಆರಂಭದಲ್ಲಿ. ನಿಯಮದ ಪ್ರಕಾರ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಕಾಯಂ ಸೇವೆ. ಉಳಿದ ಮೂವರು ಇಪ್ಪತ್ತೆರಡರಿಂದ ಇಪ್ಪತ್ತೇಳರ ಹರೆಯದಲ್ಲಿ ಊರಿಗೆ ಮರಳುತ್ತಾರೆ.

ಕರ್ನಾಟಕದಿಂದ ಹೋದವರು ಎಲ್ಲಿಗೆ ಮರಳುತ್ತಾರೆ? ಹೆಸರಿಗೆ ಬಾಗಲಕೋಟೆ, ಬೆಳಗಾವಿ, ಗದಗ, ಹಾಸನ, ಕೊಡಗು. ಆದರೆ ಹಳ್ಳಿಯಲ್ಲಿ ಕೆಲವು ತಿಂಗಳು ಕಳೆದ ಮೇಲೆ ಬಹುಪಾಲು ಮಂದಿ ಹತ್ತುವುದು ಬೆಂಗಳೂರಿನ ಬಸ್ಸನ್ನೇ. ಅವರಿಗಿಂತ ಮುಂಚೆ ಬಂದ ಅಣ್ಣಂದಿರು ಎಲ್ಲಿದ್ದಾರೆಂಬುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಗೇಟುಗಳಲ್ಲಿ, ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕುಗಳ ತಡೆಗಂಬದ ಬಳಿ, ಪೀಣ್ಯದ ಗೋದಾಮುಗಳ ಬಾಗಿಲಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುವ ನಲವತ್ತೈದರ ಆಸುಪಾಸಿನ ವ್ಯಕ್ತಿ ಮಾಜಿ ಹವಾಲ್ದಾರನೋ ನಾಯಕನೋ ಆಗಿರುವ ಸಂಭವ ಸಾಕಷ್ಟಿದೆ. ಸಿಯಾಚಿನ್‌ನಲ್ಲಿ ಇದ್ದವನು ಇಲ್ಲಿ ಕಾರಿನ ಡಿಕ್ಕಿ ತೆರೆಸಿ ನೋಡುತ್ತಾನೆ. ಅಸ್ಸಾಮು, ಒಡಿಶಾ, ಬಿಹಾರಗಳಿಂದ ಬಂದ ಕಾವಲುಗಾರರಿಗೂ ಕನ್ನಡದ ಮೇಲಧಿಕಾರಿಗೂ ನಡುವೆ ದುಭಾಷಿಯೂ ಅವನೇ. ಆ ಹಿಂದಿಯನ್ನು ಅವನಿಗೆ ಪಲ್ಟನ್ ಕಲಿಸಿದೆ.

ಪ್ರಾಮಾಣಿಕ ದುಡಿಮೆ ಯಾವುದೂ ಕೀಳಲ್ಲ. ನಾನು ಕೇಳಬಯಸುವುದು ಬೇರೆಯೇ ಪ್ರಶ್ನೆ: ಹದಿನೈದು-ಇಪ್ಪತ್ತು ವರ್ಷ ಸಾರ್ವಜನಿಕ ಹಣದಿಂದ ತರಬೇತಿ ಪಡೆದ ಮನುಷ್ಯನಿಗೆ ಈ ಗೇಟೇ ಏಕೆ ಗಂಟುಬೀಳುತ್ತದೆ? ಇದಕ್ಕೆ ಉತ್ತರ ಒಂದಿಷ್ಟು ಮಟ್ಟಿಗೆ ನಮ್ಮ ಕಾನೂನಿನಲ್ಲೇ ಇದೆ. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ, 2005 ಕಾವಲುಗಾರರ ನೇಮಕದಲ್ಲಿ ಸೇನೆಯಲ್ಲಿ ದುಡಿದವರಿಗೆ ಆದ್ಯತೆ ನೀಡಬಹುದೆಂದು ಹೇಳುತ್ತದೆ. ಅದರಡಿ 2006ರಲ್ಲಿ ಬಂದ ಕೇಂದ್ರದ ಮಾದರಿ ನಿಯಮಗಳು ಸಾಮಾನ್ಯ ಅಭ್ಯರ್ಥಿಗೆ 160 ಗಂಟೆಗಳ ತರಬೇತಿಯನ್ನು ವಿಧಿಸಿದರೆ, ಮಾಜಿ ಸೈನಿಕನಿಗೆ 56 ಗಂಟೆ ಸಾಕೆಂದಿದ್ದವು. ಅಂದರೆ ಸೈನಿಕನ ಅನುಭವವನ್ನು ಗಂಟೆಗಳಲ್ಲಿ ಅಳೆದು, ನಾಗರಿಕ ಉದ್ಯೋಗಕ್ಕೆ ಅದು ಇಷ್ಟಕ್ಕೆ ಸಮ ಎಂದು ಖಾಸಗಿ ಮಾಲೀಕನಿಗೆ ಕಾನೂನೇ ಸ್ಪಷ್ಟವಾಗಿ ತಿಳಿಸಿರುವ ಜಾಗವೆಂದರೆ ಕಾವಲುಗಾರಿಕೆ. ನೀರು ತೆರೆದ ತೂಬಿನ ಕಡೆಗೇ ಹರಿಯುತ್ತದೆ.

ಎರಡನೆಯ ಕಾರಣ ಲೆಕ್ಕಕ್ಕೆ ಸಂಬಂಧಿಸಿದ್ದು. ಕಂಪನಿಗಳು ಕಾವಲನ್ನು ನೇರವಾಗಿ ಇಟ್ಟುಕೊಳ್ಳುವುದಿಲ್ಲ. ಏಜೆನ್ಸಿಗೆ ಗುತ್ತಿಗೆ ಕೊಡುತ್ತವೆ, ಕಡಿಮೆ ದರ ಕೂಗಿದವರಿಗೆ ಗುತ್ತಿಗೆ ಸಿಗುತ್ತದೆ. ಕಡಿಮೆ ದರದಲ್ಲಿ ಕನಿಷ್ಠ ವೇತನಕ್ಕಿಂತ ಹೆಚ್ಚು ಕೊಡಲು ಎಡೆಯಿರುವುದಿಲ್ಲ. ಹನ್ನೆರಡು ಗಂಟೆಯ ಪಾಳಿಗೆ ಅಷ್ಟು ಸಂಬಳ ಒಪ್ಪಿಕೊಂಡು ಮಾಜಿ ಸೈನಿಕ ಏಕೆ ಬರುತ್ತಾನೆ? ಅವನಿಗೆ ಪಿಂಚಣಿಯಿದೆ. ಮನೆ ನಡೆಯುವುದು ಪಿಂಚಣಿಯಿಂದ, ಮಗಳ ಕಾಲೇಜಿನ ಶುಲ್ಕ ಗೇಟಿನ ಸಂಬಳದಿಂದ. ಕಾಯಿಲೆ ಬಿದ್ದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಿದೆ, ದಿನಸಿಗೆ ಕ್ಯಾಂಟೀನ್ ಇದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ರಕ್ಷಣಾ ಪಿಂಚಣಿಯ ಒಂದು ಪಾಲು ಖಾಸಗಿ ಕಂಪನಿಗಳ ಕಾವಲಿಗೆ ದೊರೆಯುತ್ತಿರುವ ಸಹಾಯಧನ. ಕೇಂದ್ರದ 2022–23ರ ಬಜೆಟ್ಟಿನಲ್ಲಿ ರಕ್ಷಣೆಗಿಟ್ಟ 5.25 ಲಕ್ಷ ಕೋಟಿ ರೂಪಾಯಿಯಲ್ಲಿ ಪಿಂಚಣಿಯ ಬಾಬ್ತು 1.19 ಲಕ್ಷ ಕೋಟಿ. ಈ ಹೊರೆಯನ್ನು ಇಳಿಸುವುದು ಅಗ್ನಿಪಥದ ಉದ್ದೇಶಗಳಲ್ಲಿ ಒಂದೆಂದು ಬಹುತೇಕ ವಿಶ್ಲೇಷಕರು ಒಪ್ಪುತ್ತಾರೆ, ಸರ್ಕಾರ ಅದನ್ನು ಒತ್ತಿ ಹೇಳದಿದ್ದರೂ.

ಅಗ್ನಿವೀರನಿಗೆ ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ. ಮಾಜಿ ಸೈನಿಕನೆಂಬ ಸ್ಥಾನಮಾನವೂ ಇಲ್ಲ. ಆದ್ದರಿಂದ ಆ ಹೆಸರಿನ ಮೀಸಲಾತಿ, ಆರೋಗ್ಯ ಯೋಜನೆ, ಕ್ಯಾಂಟೀನುಗಳೂ ಇಲ್ಲ. ಸೇವಾನಿಧಿಯೆಂದು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆಯಿಲ್ಲದೆ ಕೈಸೇರುತ್ತದೆ. ಅದನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ ಬರುವುದು 6,800 ರೂಪಾಯಿ. ನಿವೇಶನಕ್ಕೆ ಹಾಕೋಣವೆಂದರೆ ಚಂದಾಪುರದಾಚೆಗೂ ಆ ಮೊತ್ತ ಸಾಲದು. ತಂಗಿಯ ಮದುವೆಗೋ ತಂದೆಯ ಸಾಲಕ್ಕೋ ಹೋದರೆ ಏನೂ ಉಳಿಯುವುದಿಲ್ಲ. ಹಿರಿಯ ಸೈನಿಕ ಯಾವ ಸಂಬಳದಲ್ಲಿ ಗೇಟಿನಲ್ಲಿ ನಿಂತು ಸಂಸಾರ ತೂಗಿಸಿದನೋ ಅದೇ ಸಂಬಳದಲ್ಲಿ ಈ ಕಿರಿಯ ತೂಗಿಸಲಾರ. ಹಳೆಯ ವ್ಯವಸ್ಥೆ ಇವರನ್ನೂ ಹೇಗೋ ಹೀರಿಕೊಳ್ಳುತ್ತದೆ ಎಂದು ನಂಬುವವರು ಈ ಸರಳ ವ್ಯತ್ಯಾಸವನ್ನು ಗಮನಿಸಿಲ್ಲ.

ಅಲ್ಪಾವಧಿಯ ಸೇವೆಯ ವಿಚಾರವೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಟ್ಟದ ಮೇಲಿನ ಯುದ್ಧಕ್ಕೆ ಎಳೆಯ ದೇಹಗಳು ಬೇಕೆಂಬುದು ಕಾರ್ಗಿಲ್‌ನಲ್ಲಿ ಕಂಡ ಸತ್ಯ. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ ಸೈನಿಕನ ಸೇವಾವಧಿಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಲು ಸೂಚಿಸಿತ್ತು. ಆದರೆ ಅದೇ ಸಮಿತಿ, ಹಾಗೆ ಹೊರಬಂದವರನ್ನು ಅರೆಸೇನಾ ಪಡೆಗಳಿಗೆ ತೆಗೆದುಕೊಳ್ಳಬೇಕೆಂದೂ ಹೇಳಿತ್ತು. ಶಿಫಾರಸಿನ ಮೊದಲರ್ಧವನ್ನು ಇನ್ನಷ್ಟು ಕತ್ತರಿಸಿ ಜಾರಿಗೆ ತಂದು, ಎರಡನೆಯ ಅರ್ಧವನ್ನು ಕೋಟಾಕ್ಕೆ ಇಳಿಸಲಾಯಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ 2022ರಲ್ಲಿ ಶೇ 10ರಷ್ಟು ಮೀಸಲು ಘೋಷಣೆಯಾಯಿತು. ಗಡಿ ಭದ್ರತಾ ಪಡೆಯಲ್ಲಿ ಅನಂತರ ಈ ಪ್ರಮಾಣ ಹೆಚ್ಚಿತು. ಹರಿಯಾಣ ಸರ್ಕಾರ 2024ರ ಜುಲೈನಲ್ಲಿ ಕಾನ್‌ಸ್ಟೆಬಲ್, ಅರಣ್ಯ ರಕ್ಷಕ, ಜೈಲು ವಾರ್ಡರ್ ಮುಂತಾದ ಹುದ್ದೆಗಳಲ್ಲಿ ಶೇ 10 ಪ್ರಕಟಿಸಿತು. ಎಲ್ಲವೂ ಸ್ವಾಗತಾರ್ಹವೇ. ಆದರೆ ಎಲ್ಲವೂ ಮತ್ತೆ ಕಾವಲಿನ ಕೆಲಸಗಳೇ ಎಂಬುದನ್ನೂ ಓದುಗರು ಗಮನಿಸಬೇಕು.

ಈ ನಾಡಿನ ಪ್ರಭುತ್ವ ಸೈನಿಕನೊಂದಿಗಿನ ಲೆಕ್ಕವನ್ನು ಒಂದಾನೊಂದು ಕಾಲದಲ್ಲಿ ಹೇಗೆ ಚುಕ್ತಾ ಮಾಡುತ್ತಿತ್ತೆಂಬುದಕ್ಕೆ ಸಾಕ್ಷ್ಯ ಎಲೆಕ್ಟ್ರಾನಿಕ್ ಸಿಟಿಗೆ ಕೆಲವೇ ಕಿಲೋಮೀಟರ್ ದೂರದ ಬೇಗೂರಿನದು. ಅಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಹನ್ನೊಂದು ನೂರು ವರ್ಷ ಹಿಂದಿನ ವೀರಗಲ್ಲು ಗಂಗ ದೊರೆ ಎರೆಯಪ್ಪನ ಕಾಲದ್ದು. ವೀರಮಹೇಂದ್ರನ ವಿರುದ್ಧದ ಕಾಳಗದಲ್ಲಿ ನಾಗತ್ತರ ಮಡಿದ ಮೇಲೆ, ಆ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡರ ಹಳ್ಳಿಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಬೆಂಪೂರೆಂದರೆ ಇಂದಿನ ಬೇಗೂರು. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂದು ಇಂಥ ದತ್ತಿಗಳಿಗೆ ನಮ್ಮ ಶಾಸನಗಳಲ್ಲಿ ಬಗೆಬಗೆಯ ಹೆಸರುಗಳೇ ಇವೆ. ಆ ಕಾಲದ ಬಂಡವಾಳ ಭೂಮಿ. ಸೈನಿಕನ ಮನೆತನಕ್ಕೆ ಕೊಟ್ಟದ್ದು ಅದನ್ನೇ. ಸ್ವತಂತ್ರ ಭಾರತದಲ್ಲೂ ಆ ಪರಂಪರೆಯ ನೆರಳು ಉಳಿದಿತ್ತು. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969 ಮಾಜಿ ಸೈನಿಕರಿಗೆ ಒಂದು ಪಾಲು ಮೀಸಲಿಟ್ಟವು. ನನ್ನ ಸೇವಾವಧಿಯಲ್ಲಿ ಅಂಥ ಕಡತಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅರ್ಜಿದಾರನ ಪದಕಗಳ ಪಟ್ಟಿ ಒಂದು ಪುಟವಿದ್ದರೆ, ಜಮೀನು ಗೋಮಾಳವೋ ಅರಣ್ಯವೋ ಎಂಬ ಪತ್ರವ್ಯವಹಾರ ನೂರು ಪುಟ. ಬೆಂಗಳೂರಿನ ಸುತ್ತ ಹಂಚಲು ಈಗ ಭೂಮಿಯೇ ಇಲ್ಲ. ಇಂದಿನ ಬಂಡವಾಳ ಕೌಶಲ. ಪ್ರಭುತ್ವ ಸೈನಿಕನಿಗೆ ಕೊಡಬಹುದಾದ ಕಲ್ನಾಡು ಈ ಕಾಲದಲ್ಲಿ ಏನಾದರೂ ಇದ್ದರೆ ಅದು ಇದೇ.

ಈ ದೃಷ್ಟಿಯಿಂದ ನೋಡಿದರೆ ಬೆಂಗಳೂರಿನಷ್ಟು ಅನುಕೂಲವಾದ ಊರು ದೇಶದಲ್ಲಿ ಮತ್ತೊಂದಿಲ್ಲ. ಇಲ್ಲಿನ ಕೈಗಾರಿಕೆಗೆ ಜನ್ಮ ಕೊಟ್ಟದ್ದರಲ್ಲಿ ಯುದ್ಧದ ಪಾಲು ದೊಡ್ಡದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನೊಂದಿಗೆ ಆರಂಭಿಸಿದ ವಿಮಾನ ಕಾರ್ಖಾನೆ ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷಗಳ ವಿಮಾನಗಳ ದುರಸ್ತಿ ಮಾಡಿತು. ಯುದ್ಧ ಮುಗಿದು ಆ ಕೆಲಸ ನಿಂತಾಗ ಅದೇ ಕಾರ್ಖಾನೆ ರೈಲು ಬೋಗಿಗಳನ್ನು ಕಟ್ಟಿತು. ಯಂತ್ರಗಳಿಗೆ ಪುನರ್ವಸತಿ ಕಲ್ಪಿಸುವ ಯೋಜನೆ ಅಂದೇ ಇತ್ತು! 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇವುಗಳಿಗೆ ಬಿಡಿಭಾಗ ಮಾಡಿಕೊಡುತ್ತ ಬೆಳೆದ ಶೆಡ್ಡುಗಳು 1970ರ ದಶಕದಿಂದೀಚೆಗೆ ಪಕ್ಕದ ಪೀಣ್ಯವನ್ನು ತುಂಬಿದವು.

ಅದೇ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ತರಬೇತಿ ಸಂಸ್ಥೆಗಳಿವೆ. ರೇಡಾರ್, ಸಂಪರ್ಕ ಉಪಕರಣಗಳ ನಿರ್ವಹಣೆಯನ್ನು ವಾಯುಸೈನಿಕರು ಕಲಿಯುವುದು ಅಲ್ಲಿ. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರದಲ್ಲಿ ಸ್ಯಾಪರುಗಳಿಗೆ ಸೇತುವೆ ಕಟ್ಟುವುದರ ಜೊತೆಗೆ ಕಸುಬುಗಳನ್ನೂ ಹೇಳಿಕೊಡುತ್ತಾರೆ. ಇತ್ತ ಪೀಣ್ಯದ ಮಾಲೀಕರನ್ನು ಕೇಳಿದರೆ, ಸಿಎನ್‌ಸಿ ಯಂತ್ರ ನಡೆಸಲು, ಅಳತೆ ಪರೀಕ್ಷಿಸಲು ಜನ ಸಿಗುತ್ತಿಲ್ಲವೆಂಬ ದೂರು. ತರಬೇತಿಯಾದವನೂ ಬೇಕಾದವನೂ ಒಂದೇ ರಸ್ತೆಯ ಎರಡು ಬದಿಯಲ್ಲಿದ್ದಾರೆ. ಸೇನೆಯ ಕಸುಬುಗಳಿಗೂ ನಾಗರಿಕ ಕಸುಬುಗಳಿಗೂ ಸಮಾನತೆ ತಿಳಿಸುವ ಸರ್ಕಾರಿ ಪಟ್ಟಿಗಳು ಇಲ್ಲದಿಲ್ಲ. ಹತ್ತು ಜನರ ಶೆಡ್ಡಿನ ಒಡೆಯ ಅವನ್ನು ಓದಿಲ್ಲ, ಓದುವುದೂ ಇಲ್ಲ. ಅವನಿಗೆ ಗೊತ್ತಿರುವುದು ಐಟಿಐ, ಡಿಪ್ಲೊಮಾ, ಇಲ್ಲವೇ ಪರಿಚಯದವರ ಮಾತು.

ಎಲ್ಲ ಅಗ್ನಿವೀರರಿಗೂ ಯಂತ್ರದ ಕಸುಬಿದೆಯೆಂದು ಭಾವಿಸುವುದು ಭ್ರಮೆ. ತಾಂತ್ರಿಕ ವಿಭಾಗಕ್ಕೆ ಸೇರುವವರು ಕೆಲವರೇ; ಬಹುಪಾಲು ಮಂದಿ ಸಾಮಾನ್ಯ ಕರ್ತವ್ಯದವರು, ಪದಾತಿ ದಳದ ಬಂದೂಕುಧಾರಿಗಳು. ಸುಮಾರು ಆರು ತಿಂಗಳ ತರಬೇತಿ, ಉಳಿದ ಕಾಲ ಗಡಿ. ಅವರ ಬಳಿ ಇರುವುದು ಪಾಳಿಗೆ ತಪ್ಪದ ಅಭ್ಯಾಸ, ಗುಂಪಿನಲ್ಲಿ ದುಡಿಯುವ ರೂಢಿ, ಬರೆದಿಟ್ಟ ಕ್ರಮವನ್ನು ಮೀರದ ಶಿಸ್ತು. ಕಾರ್ಖಾನೆಯವರು ದುಡ್ಡು ಕೊಟ್ಟು ತರಬೇತುದಾರರನ್ನು ಕರೆಸಿ ಕಲಿಸುವುದು ಇದನ್ನೇ. ಕಸುಬನ್ನು ಮಾತ್ರ ಹೊರಗಿನಿಂದ ಸೇರಿಸಬೇಕು. ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಸಾಕು. ಆದರೆ ಆ ಅವಧಿಯಲ್ಲಿ ಅವನಿಗೆ ಊಟಕ್ಕೂ ವಾಸಕ್ಕೂ ಯಾರಾದರೂ ಕೊಡಬೇಕು. ಸೇವಾನಿಧಿಯನ್ನು ಮುರಿದು ಕಲಿ ಎಂದರೆ ಹಳ್ಳಿಯ ಹುಡುಗ ಕಲಿಯುವುದಿಲ್ಲ, ಗೇಟಿಗೆ ಹೋಗುತ್ತಾನೆ.

ಅಮೆರಿಕ 1944ರಲ್ಲಿ ತನ್ನ ಯೋಧರಿಗಾಗಿ ತಂದ ಕಾಯ್ದೆಯ ಯಶಸ್ಸು ಇಲ್ಲಿಯೇ ಅಡಗಿದೆ. ಅದು ಕಲಿಕೆಯ ಶುಲ್ಕದೊಂದಿಗೆ ಜೀವನಭತ್ಯೆಯನ್ನೂ ಕೊಟ್ಟಿತು. 1956ರ ವೇಳೆಗೆ ಸುಮಾರು 78 ಲಕ್ಷ ಮಾಜಿ ಸೈನಿಕರು ಅದರಡಿ ಕಾಲೇಜಿಗೋ ಕಸುಬಿನ ತರಬೇತಿಗೋ ಸೇರಿದ್ದರು. ನಮ್ಮಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ, ಸೇನಾ ತರಬೇತಿಗೆ ಅರ್ಧದಷ್ಟು ಅಂಕಮಾನ ಕೊಡುವ ಪದವಿಯ ವ್ಯವಸ್ಥೆ 2022ರಲ್ಲೇ ಆಗಿದೆ. ಒಳ್ಳೆಯದೇ. ಆದರೆ ಅಂಚೆಯ ಮೂಲಕ ಬಂದ ಪದವಿಯನ್ನು ವೈಟ್‌ಫೀಲ್ಡಿನ ಮಾನವ ಸಂಪನ್ಮೂಲ ಅಧಿಕಾರಿ ಹೇಗೆ ತೂಗುತ್ತಾರೆಂಬ ಅನುಮಾನ ನನ್ನಂಥವರಿಗೆ ಸಹಜ.

ರಾಜ್ಯದ ಕೈಯಲ್ಲಿರುವುದನ್ನು ರಾಜ್ಯ ಮಾಡಬಹುದು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು ನಮ್ಮವೇ, ಅವುಗಳಿಗೆ ಕೈಗಾರಿಕೆಯಲ್ಲಿ ಒಳ್ಳೆಯ ಹೆಸರಿದೆ. ಅಲ್ಲಿ ಸಂಜೆಯ ಪಾಳಿಯೊಂದನ್ನು ತೆರೆದು, ಭತ್ಯೆಯ ಅರ್ಧವನ್ನು ಸೈನಿಕ ಕಲ್ಯಾಣ ಇಲಾಖೆಯೂ ಉಳಿದರ್ಧವನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳುವ ಪೀಣ್ಯದ ಘಟಕವೂ ಭರಿಸುವಂತೆ ಮಾಡುವುದು ದೊಡ್ಡ ಖರ್ಚಿನ ಬಾಬ್ತಲ್ಲ. ಕೇಂದ್ರದ್ದೊಂದು ಹೊಣೆ ಇದಕ್ಕಿಂತ ಸುಲಭ. 2012ರ ಸಾರ್ವಜನಿಕ ಖರೀದಿ ನೀತಿಯಂತೆ ಎಚ್‌ಎಎಲ್, ಬಿಇಎಲ್‌ನಂಥ ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಮಾಡಬೇಕು. ಅದರೊಳಗೆ ಪರಿಶಿಷ್ಟರ ಘಟಕಗಳಿಗೆ ಶೇ 4, ಮಹಿಳೆಯರ ಘಟಕಗಳಿಗೆ ಶೇ 3 ಎಂದು ಒಳಪಾಲುಗಳೂ ಇವೆ. ತಮ್ಮಲ್ಲಿ ಅಗ್ನಿವೀರರನ್ನು ಕುಶಲ ಕೆಲಸಕ್ಕೆ ಇಟ್ಟುಕೊಂಡ ಘಟಕಗಳಿಗೆ ಇದೇ ಶೇ 25ರೊಳಗೆ ಇನ್ನೊಂದು ಪಾಲನ್ನು ಗುರುತಿಸಲು ಸಂಸತ್ತಿನ ಮುಂದೆ ಹೋಗಬೇಕಾಗಿಲ್ಲ. ಸಚಿವಾಲಯದ ಒಂದು ಆದೇಶ ಸಾಕು, ಮತ್ತು ಅದು ಮೊದಲ ತಂಡದವರು ಗುತ್ತಿಗೆ ಏಜೆನ್ಸಿಗಳ ನೋಂದಣಿ ಪುಸ್ತಕ ಸೇರುವ ಮುಂಚೆ ಹೊರಬೀಳಬೇಕು.